ಕೆಸರಿನಲ್ಲಿ ದುಡಿಯುವ ಯಂತ್ರ: ರಿಪೇರಿಯೋ, ಹೊಸದೋ?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ರೈತರ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರೂ ವಿದ್ಯಾನಗರದ ಕೃಷಿಕರೂ ಆದವರೊಬ್ಬರು ಮಾಡಿದ ಭಾಷಣ)



ಇಂಥ ಸಭೆಯಲ್ಲಿ ಮಾತನಾಡಿ ನಮಗೆ ಅಭ್ಯಾಸವಿಲ್ಲ. ಓದಿದ್ದು ಎಸ್.ಎಸ್.ಎಲ್.ಸಿ., ಮಾಡೋದು ಬೇಸಾಯ. ಸಹಕಾರ ತತ್ವದ ಬಗ್ಗೆ ನಮಗಿಂತ ಚೆನ್ನಾಗಿ ಹೇಳುವವರು ವೇದಿಕೆ ಮೇಲೇ ಇದ್ದಾರೆ. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಹಚ್ಚಿದ ದೀಪ ಇವತ್ತು ನಮ್ಮ ಊರಿನಲ್ಲೂ ಉರಿಯುತ್ತಾ ಇದೆ ಎಂಬುದೊಂದು ಮಾತು ಹೇಳಿ, ನಮಗೆ ಗೊತ್ತಿರುವ ವಿಷಯಕ್ಕೆ ಬರುತ್ತೇವೆ. ಅದು ನಮ್ಮ ಸಂಘದ ಪವರ್ ಟಿಲ್ಲರ್. ಗೋಡೌನಿನ ಪಕ್ಕ ತಗಡಿನ ಕೆಳಗೆ ನಿಂತಿದೆಯಲ್ಲ, ಅದೇ. ಸದಸ್ಯರಲ್ಲಿ ಅದನ್ನು ಬಾಡಿಗೆಗೆ ತಗೊಂಡು ಹೋಗದವರು ಕಡಿಮೆ. ಅದನ್ನು ಬೈಯದೆ ಇದ್ದವರು ಇನ್ನೂ ಕಡಿಮೆ.

ಆ ಟಿಲ್ಲರನ್ನು ರಿಪೇರಿ ಮಾಡಿಸಬೇಕಾ, ಹೊಸದು ತರಬೇಕಾ ಎಂಬ ಪ್ರಶ್ನೆ ಮುಂದಿನ ಸರ್ವಸದಸ್ಯರ ಸಭೆಗೆ ಬರಲಿದೆ. ಅದಕ್ಕೆ ಮೊದಲು ನಮ್ಮಿಂದ ಆದ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕು. ಬೆಳ್ಳಿಹಬ್ಬದ ದಿವಸ ತಪ್ಪಿನ ಮಾತು ಯಾಕೆ ಅನ್ನಬೇಡಿ. ಇಪ್ಪತ್ತೈದು ವರ್ಷದಲ್ಲಿ ಏನು ಕಲಿತಿರಿ ಅಂತ ಯಾರಾದರೂ ಕೇಳಿದರೆ, ನಾವು ಕಲಿತದ್ದು ಇದೇ.

ಏಳೆಂಟು ವರ್ಷದ ಹಿಂದಿನ ಮಾತು. ನಾವು ಹೊಸದಾಗಿ ನಿರ್ದೇಶಕರಾಗಿದ್ದೆವು. ಟಿಲ್ಲರಿನ ಉಸ್ತುವಾರಿ ನಮ್ಮದು. ಮಳೆಗಾಲಕ್ಕೆ ಮೊದಲು ಓಡಿಸುವ ಹುಡುಗ ಬಂದು, "ಅಣ್ಣಾ, ರೋಟರಿ ಕಡೆ ಆಯಿಲ್ ಬೆಳ್ಳಗಾಗಿದೆ. ಸೀಲು ಹೋಗಿರಬೇಕು. ಬಿಚ್ಚಿಸೋಣ" ಅಂದ. ಬಾಡಿಗೆ ಬಂದ ಹಣವೆಲ್ಲ ಆ ವರ್ಷ ಲಾಭಕ್ಕೆ ಸೇರಿತ್ತು. ಸಭೆಯಲ್ಲಿ ನಾವೇ ಎದ್ದು ನಿಂತು, "ಇನ್ನೊಂದು ಸೀಸನ್ ಓಡುತ್ತೆ ಬಿಡಿ, ಆಯಿಲ್ ಬದಲಾಯಿಸಿದರೆ ಸಾಕು" ಅಂದೆವು. ಎಲ್ಲರೂ ಹೂಂ ಅಂದರು. ಖರ್ಚು ಉಳಿಸಿದ ನಿರ್ದೇಶಕ ಅನ್ನಿಸಿಕೊಳ್ಳೋ ಆಸೆ ಯಾರಿಗಿರಲ್ಲ ಹೇಳಿ?

ನಾಲೆಗೆ ನೀರು ಬಿಟ್ಟರು. ಎಲ್ಲರಿಗೂ ಒಟ್ಟಿಗೇ ಕೆಸರು ಹೊಡೆಯಬೇಕು. ಮೂರನೇ ದಿವಸ ಗದ್ದೆ ಮಧ್ಯದಲ್ಲಿ ಟರಟರ ಅಂತ ಸದ್ದು ಬಂತು. ರೋಟರಿ ನಿಂತೇ ಹೋಯಿತು. ಬಿಚ್ಚಿ ನೋಡಿದರೆ ಬೇರಿಂಗ್ ಪುಡಿಯಾಗಿದೆ, ಅದರ ಚೂರು ಚೈನಿಗೆ ಸಿಕ್ಕಿ ಸ್ಪ್ರಾಕೆಟ್ಟಿನ ಹಲ್ಲು ಮುರಿದಿದೆ. ಸಾಮಾನು ತರಿಸಿ, ಶಾಫ್ಟ್ ಲೇತಿಗೆ ಕೊಟ್ಟು, ಮತ್ತೆ ಕೂಡಿಸುವಷ್ಟರಲ್ಲಿ ಹದಿನೇಳು ದಿವಸ ಹೋಯಿತು.

ದುಡ್ಡಿದ್ದವರು ಟ್ರ್ಯಾಕ್ಟರ್ ಬಾಡಿಗೆಗೆ ತಂದರು. ಗಂಡನನ್ನು ಕಳೆದುಕೊಂಡು ಒಂದೂವರೆ ಎಕರೆ ನಡೆಸುತ್ತಿದ್ದ ನಮ್ಮ ಸದಸ್ಯೆ ಅಕ್ಕನವರೊಬ್ಬರು ಸಂಘದ ಟಿಲ್ಲರನ್ನೇ ನಂಬಿ ಕೂತಿದ್ದರು. ಮಡಿಯಲ್ಲಿ ಅವರ ಸಸಿ ತಿಂಗಳು ದಾಟಿ ಗಂಟು ಕಟ್ಟಿತು. ಮೂರು ವಾರದಿಂದ ನಾಲ್ಕು ವಾರದೊಳಗೆ ಕೀಳಬೇಕಾದ ಸಸಿ ಅದು. ಬಲಿತ ಸಸಿ ನೆಟ್ಟರೆ ತೆಂಡೆ ಒಡೆಯಲ್ಲ ಅಂತ ನಿಮಗೆ ನಾವು ಹೇಳಬೇಕಾಗಿಲ್ಲ. ಆ ವರ್ಷ ಅವರಿಗೆ ಊಟದ ಭತ್ತವಷ್ಟೇ ಬಂತು, ಮಾರೋದಕ್ಕೆ ಉಳಿಯಲಿಲ್ಲ. ಅವರು ನಮ್ಮನ್ನು ಬೈಯಲಿಲ್ಲ. "ಏನ್ಮಾಡಕ್ಕಾಗುತ್ತಣ್ಣ, ಮಿಷಿನ್ ಅಲ್ವಾ" ಅಂದರು ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ತಪ್ಪು ಮಿಷಿನ್ನಿನದಲ್ಲ, ನಮ್ಮದು.

ಆಮೇಲೆ ನಾವು ಮೆಕ್ಯಾನಿಕ್ಕುಗಳ ಪಕ್ಕ ಕೂತು ಕೇಳಿ ಕೇಳಿ ತಿಳಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತೇವೆ.

ಟಿಲ್ಲರಿನ ಎಂಜಿನ್ ಒಂದು ಸಿಲಿಂಡರಿನ ಡೀಸೆಲ್ ಎಂಜಿನ್. ಅದರ ಶಕ್ತಿ ಬೆಲ್ಟಿನ ಮೂಲಕ ಕ್ಲಚ್ಚಿಗೆ, ಅಲ್ಲಿಂದ ಗೇರ್ ಬಾಕ್ಸಿಗೆ, ಅಲ್ಲಿಂದ ಚಕ್ರಕ್ಕೂ ಹಿಂದಿನ ರೋಟರಿಗೂ ಹೋಗುತ್ತೆ. ಎಂಜಿನ್ ಮೇಲಿರುತ್ತೆ, ಅದಕ್ಕೆ ಗಾಳಿ ಬೆಳಕು ಉಂಟು. ರೋಟರಿ ಶಾಫ್ಟ್ ಮಾತ್ರ ದಿನವಿಡೀ ಕೆಸರು ನೀರಿನ ಒಳಗೇ ತಿರುಗುತ್ತೆ. ಒಳಗೆ ಆಯಿಲ್, ಹೊರಗೆ ಕೆಸರು. ಎರಡರ ಮಧ್ಯೆ ಇರೋದು ಬೆರಳಗಲದ ಒಂದು ರಬ್ಬರ್ ಸೀಲು. ಇಡೀ ಮಿಷಿನ್ನಿನಲ್ಲಿ ಅತಿ ಅಗ್ಗದ ಸಾಮಾನುಗಳಲ್ಲಿ ಅದೂ ಒಂದು. ಅದು ಹೋದರೆ ನೀರು ಒಳಗೆ ಬರುತ್ತೆ, ನೀರು ಬಂದರೆ ಬೇರಿಂಗ್ ಹೋಗುತ್ತೆ, ಬೇರಿಂಗ್ ಹೋದರೆ ಶಾಫ್ಟ್ ಅಲ್ಲಾಡುತ್ತೆ, ಶಾಫ್ಟ್ ಅಲ್ಲಾಡಿದರೆ ಹಲ್ಲು ಮುರಿಯುತ್ತೆ.

ಸೀಲು ಯಾಕೆ ಹೋಗುತ್ತೆ? ವಯಸ್ಸಾಗಿ ಹೋಗೋದು ಒಂದು. ಅದಕ್ಕಿಂತ ಹೆಚ್ಚಾಗಿ ಹುಲ್ಲು, ಬಾಳೆನಾರು, ಗೊಬ್ಬರದ ಚೀಲದ ಪ್ಲಾಸ್ಟಿಕ್ ದಾರ ಶಾಫ್ಟಿಗೆ ಸುತ್ತಿಕೊಂಡು, ಒಳಕ್ಕೆ ಸರಿದು ಸೀಲಿನ ತುಟಿಯನ್ನು ಕೊಯ್ಯುತ್ತೆ. ನಮ್ಮ ಗದ್ದೆ ಬದುವಿನಲ್ಲಿ ಬಿದ್ದಿರುವ ಆ ದಾರ ನಾವೇ ಬಿಸಾಕಿದ್ದು.

ಇದು ಬರೀ ಟಿಲ್ಲರಿನ ಕಥೆ ಅಂತ ತಿಳಕೊಂಡಿದ್ದೆವು. ಎರಡು ವರ್ಷದ ಹಿಂದೆ ನಿರ್ದೇಶಕರೆಲ್ಲ ಕರಾವಳಿ ಕಡೆ ಪ್ರವಾಸ ಹೋಗಿದ್ದಾಗ ಒಂದು ಬೋಟ್ ರಿಪೇರಿ ಶೆಡ್ಡಿಗೆ ಹೊಕ್ಕೆವು. ಉಳಿದವರು ಮೀನೂಟಕ್ಕೆ ಹೋದರು, ನಾವು ಅಲ್ಲೇ ಒಂದೂವರೆ ತಾಸು ಕೂತೆವು. ಪ್ರವಾಸಿಗರನ್ನು ಕೂರಿಸಿಕೊಂಡು ಓಡುತ್ತಿದ್ದ ಹಳೇ ಬೋಟೊಂದನ್ನು ಮೇಲಕ್ಕೆ ಎತ್ತಿ ಇಟ್ಟಿದ್ದರು. ಅದರ ಎಂಜಿನ್ ಎರಡೂ ಬೋಟಿನ ಒಳಗೆ, ಗೇರಿನ ಕಾಲು ಎರಡೂ ಬೋಟಿನ ಹಿಂದೆ ನೀರಿನಲ್ಲಿ. ಅದಕ್ಕೆ ಸ್ಟರ್ನ್‌ಡ್ರೈವ್ ಅಂತಾರೆ. ಸ್ವೀಡನ್ ದೇಶದ ವೋಲ್ವೋ ಪೆಂಟಾ ಕಂಪನಿಯವರು 1959ರಲ್ಲಿ ಅಕ್ವಾಮ್ಯಾಟಿಕ್ ಅನ್ನೋ ಹೆಸರಿನಲ್ಲಿ ಇಂಥದನ್ನು ಮಾರುಕಟ್ಟೆಗೆ ತಂದರು. ಮೇಲಿನ ಗೇರಿನಿಂದ ಶಾಫ್ಟ್ ಕೆಳಗಿಳಿದು, ಇನ್ನೊಂದು ಗೇರಿಗೆ ಕೂಡಿ ಫ್ಯಾನು ತಿರುಗಿಸುತ್ತೆ.

ಆ ಮೆಕ್ಯಾನಿಕ್ ಮೊದಲು ಮಾಡಿದ ಕೆಲಸ ಏನು ಗೊತ್ತಾ? ಕೆಳಗಿನ ಬೋಲ್ಟ್ ಸಡಿಲ ಮಾಡಿ ಆಯಿಲ್ ನೋಡಿದ್ದು. ಮಜ್ಜಿಗೆ ಥರ ಬೆಳ್ಳಗೆ ಬಂತು. ಫ್ಯಾನು ಬಿಚ್ಚಿದರೆ ಹಿಂದುಗಡೆ ಮೀನು ಹಿಡಿಯೋ ನೈಲಾನ್ ದಾರ ಸುತ್ತಿಕೊಂಡು ಸೀಲನ್ನು ಕೊಯ್ದಿತ್ತು. ನಮ್ಮದು ಗೊಬ್ಬರದ ಚೀಲದ ದಾರ, ಅವರದು ಬಲೆಯ ದಾರ, ಅಷ್ಟೇ ವ್ಯತ್ಯಾಸ!

ಬೋಟಿನ ಯಜಮಾನರು ಕೇಳಿದ್ದೂ ನಮ್ಮ ಪ್ರಶ್ನೆಯೇ. "ರಿಪೇರಿ ಮಾಡ್ತೀರೋ, ಹೊಸದು ಹಾಕಲೋ?" ಮೆಕ್ಯಾನಿಕ್ ತಕ್ಷಣ ಉತ್ತರ ಹೇಳಲಿಲ್ಲ. ಒಂದು ಕಾಲನ್ನು ಬಿಚ್ಚಿ ಹಲ್ಲು ತೋರಿಸಿದರು, ಹಲ್ಲು ಸರಿಯಾಗಿತ್ತು. "ಇದಕ್ಕೆ ಸೀಲು, ಬೇರಿಂಗ್, ಒಳಗೆ ನೀರು ಬಾರದ ಹಾಗೆ ತಡೆಯೋ ಈ ರಬ್ಬರಿನ ತಿದಿ ಹಾಕಿದರೆ ಸಾಕು" ಅಂದರು. ಇನ್ನೊಂದು ಕಾಲಿನ ಅಲ್ಯೂಮಿನಿಯಂ ಮೈಯನ್ನು ಉಪ್ಪುನೀರು ತಿಂದು ಗುಳಿ ಬಿದ್ದಿತ್ತು, ಸೀಲು ಕೂರೋ ಜಾಗವೇ ಸವೆದಿತ್ತು. "ಇದಕ್ಕೆ ಎಷ್ಟು ಸುರಿದರೂ ದಂಡ. ಇದನ್ನ ಬದಲಾಯಿಸಿ. ಆದರೆ ಹೊಸದರ ಹಲ್ಲಿನ ಲೆಕ್ಕ ಪಕ್ಕದ್ದಕ್ಕೆ ಸರಿಹೊಂದಬೇಕು, ಇಲ್ಲದಿದ್ದರೆ ಒಂದು ಎಳೀತದೆ, ಇನ್ನೊಂದು ಹಿಂದೆ ಬೀಳ್ತದೆ" ಅಂದರು. ಒಂದೇ ಬೋಟು, ಒಂದೇ ವಯಸ್ಸು, ಎರಡು ಉತ್ತರ. ಬಿಚ್ಚಿ ನೋಡದೆ ತೀರ್ಮಾನ ಹೇಳಬಾರದು ಅನ್ನೋ ಪಾಠ ನಮಗೆ ಅಲ್ಲಿ ಆಯಿತು.

ಆ ಕಾಲಿಗೆ ಒಂದು ಸತುವಿನ ತುಂಡು ಜೋಡಿಸಿದ್ದರು. ಉಪ್ಪುನೀರು ಮೊದಲು ಅದನ್ನು ತಿನ್ನುತ್ತೆ, ಹಾಗಾಗಿ ಡ್ರೈವಿನ ಮೈ ಉಳಿಯುತ್ತೆ. ಸವೆದ ಹಾಗೆ ಆ ತುಂಡನ್ನು ಬದಲಾಯಿಸಬೇಕು. ಮರೆತರೆ ನೀರು ಡ್ರೈವನ್ನೇ ತಿನ್ನುತ್ತೆ. ನಮ್ಮ ಸೀಲೂ ಹಾಗೇ ಅಲ್ಲವೇ? ಸಣ್ಣದು ಸತ್ತು ದೊಡ್ಡದನ್ನು ಉಳಿಸೋದು. ಸಣ್ಣದಕ್ಕೆ ಕೈ ಬಿಗಿ ಹಿಡಿದವರು ದೊಡ್ಡದಕ್ಕೆ ಸಾಲ ಮಾಡಬೇಕಾಗುತ್ತೆ.

ಈಗ ನಮ್ಮ ಗದ್ದೆಗೆ ಬರೋಣ. ಟಿಲ್ಲರ್ ಇರುವವರು, ಬಾಡಿಗೆಗೆ ಓಡಿಸುವವರು ಇಷ್ಟನ್ನು ನೆನಪಿಡಿ.

ಮೊದಲನೆಯದು, ಆಯಿಲ್ ನೋಡೋದು. ರಾತ್ರಿಯೆಲ್ಲ ನಿಂತ ಮಿಷಿನ್ನನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಕೆಳಗಿನ ಬೋಲ್ಟ್ ಸ್ವಲ್ಪ ಸಡಿಲಿಸಿ. ನೀರು ಆಯಿಲಿಗಿಂತ ಭಾರ, ತಳದಲ್ಲಿ ಕೂತಿರುತ್ತೆ. ನೀರಿದ್ದರೆ ಅದೇ ಮೊದಲು ಹನಿಯುತ್ತೆ. ಆಯಿಲ್ ಬೆಳ್ಳಗಾಗಿದ್ದರೆ ನೀರು ಕಲೆಸಿ ಹೋಗಿದೆ ಅಂತ ಅರ್ಥ. ಬೆರಳಲ್ಲಿ ಉಜ್ಜಿದಾಗ ಕಬ್ಬಿಣದ ಚೂರು ಚುಚ್ಚಿದರೆ ಒಳಗೆ ಏನೋ ಸವೆಯುತ್ತಿದೆ ಅಂತ ಅರ್ಥ. ಬರೀ ಆಯಿಲ್ ಬದಲಾಯಿಸಿ ಮುಚ್ಚಿಟ್ಟರೆ ಅದು ಜ್ವರಕ್ಕೆ ಮಾತ್ರೆ ನುಂಗಿ ಗದ್ದೆಗೆ ಇಳಿದ ಹಾಗೆ. ನಾವು ಮಾಡಿದ್ದು ಅದನ್ನೇ.

ಎರಡನೆಯದು, ಕೈಯಲ್ಲಿ ಅಲ್ಲಾಡಿಸಿ ನೋಡೋದು. ಎಂಜಿನ್ ನಿಲ್ಲಿಸಿ, ರೋಟರಿ ಶಾಫ್ಟನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಲೊಡಲೊಡ ಅಂದರೆ ಬೇರಿಂಗ್ ಹೋಗಿದೆ. ಎಂಜಿನ್ ಓಡುವಾಗ ಮಾತ್ರ ಅಲ್ಲಿಗೆ ಕೈ ಹಾಕಬೇಡಿ. ದಾರ ಸಿಕ್ಕಿದ್ದನ್ನು ಬಿಡಿಸುವಾಗಲೂ ಅಷ್ಟೇ, ಎಂಜಿನ್ ಪೂರ್ತಿ ನಿಂತಿರಬೇಕು. ಕ್ಲಚ್ ಬಿಟ್ಟಿದೆ ಅನ್ನೋ ಧೈರ್ಯ ಬೇಡ.

ಮೂರನೆಯದು, ಜೋಡಿಯಾಗಿರೋದನ್ನು ಜೋಡಿಯಾಗಿಯೇ ಬದಲಾಯಿಸೋದು. ಹೊಸ ಚೈನನ್ನು ಸವೆದ ಸ್ಪ್ರಾಕೆಟ್ಟಿನ ಮೇಲೆ ಹಾಕಿದರೆ ಹೊಸದೂ ಬೇಗ ಸವೆಯುತ್ತೆ. ಬೇರಿಂಗ್ ಹೊಸದು ಹಾಕಿ ಸೀಲು ಹಳೇದೇ ಬಿಡೋದು ಇನ್ನೂ ದೊಡ್ಡ ತಪ್ಪು.

ನಾಲ್ಕನೆಯದು, ಶಾಫ್ಟ್ ನೋಡೋದು. ಸೀಲು ಕೂರುವ ಜಾಗದಲ್ಲಿ ಉಗುರಿಗೆ ಸಿಗುವಷ್ಟು ಗೆರೆ ಬಿದ್ದಿದ್ದರೆ ಹೊಸ ಸೀಲೂ ನಿಲ್ಲಲ್ಲ. ಅಲ್ಲಿಗೆ ತೆಳುವಾದ ಕಬ್ಬಿಣದ ಸ್ಲೀವ್ ಹಾಕಿಸಬಹುದು. ಈ ವಿಷಯದಲ್ಲಿ ನಾವು ಪುಣ್ಯವಂತರು. 1923ರಲ್ಲಿ ಉತ್ಪಾದನೆ ಶುರು ಮಾಡಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ನೆರಳಿನಲ್ಲಿ ಬೆಳೆದ ಜಿಲ್ಲೆ ನಮ್ಮದು. ಲೇತ್ ಕೆಲಸ ಬಲ್ಲವರು ಶಿವಮೊಗ್ಗದಲ್ಲೂ ಭದ್ರಾವತಿಯಲ್ಲೂ ಸಿಕ್ತಾರೆ. ನಮ್ಮ ಶಾಫ್ಟಿಗೆ ಹಾಕಿದ ಸ್ಲೀವ್ ಇವತ್ತಿಗೂ ಗಟ್ಟಿಯಾಗಿದೆ.

ಐದನೆಯದು, ಕಾಲ ನೋಡಿ ಕೆಲಸ ಮಾಡಿಸೋದು. ರಿಪೇರಿ ಬೇಸಿಗೆಯಲ್ಲಿ ಆಗಬೇಕು. ನಾಲೆಯಲ್ಲಿ ನೀರು ಬಂದ ಮೇಲೆ ಮೆಕ್ಯಾನಿಕ್ ಸಿಗಲ್ಲ, ಸಿಕ್ಕರೆ ಸಾಮಾನು ಸಿಗಲ್ಲ.

ಹಿನ್ನೀರಿನ ಲಾಂಚನ್ನು ನೆನಪು ಮಾಡಿಕೊಳ್ಳಿ. ಸಿಗಂದೂರಿಗೆ ಹೋದವರೆಲ್ಲ ಅದರಲ್ಲಿ ದಾಟಿದವರೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನೀರು ನಿಂತ ಮೇಲೆ ಆಚೆ ದಡದ ಜನಕ್ಕೆ ಲಾಂಚೇ ರಸ್ತೆಯಾಯಿತು. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆ ಆಗೋವರೆಗೂ ಬಸ್ಸು, ಅಕ್ಕಿ, ಮದುವೆ ದಿಬ್ಬಣ, ಕಾಯಿಲೆಯವರು ಎಲ್ಲ ಅದರ ಮೇಲೇ ದಾಟಬೇಕಿತ್ತು. ಅಂಥ ಕಡೆ ಎಂಜಿನ್ ಕೆಟ್ಟರೆ ಮಿಷಿನ್ ಒಂದೇ ನಿಲ್ಲಲ್ಲ, ಊರೇ ನಿಲ್ಲುತ್ತೆ. ನಾಟಿಯ ಹದಿನೈದು ದಿವಸ ನಮ್ಮ ಟಿಲ್ಲರೂ ಅಂಥದೇ ಒಂದು ಲಾಂಚು. ಕೆಡೋವರೆಗೂ ಕಾಯುವ ಯಂತ್ರ ಅದಲ್ಲ.

ಇನ್ನು ಲೆಕ್ಕದ ಮಾತು. ಇದು ಉದಾಹರಣೆಗೆ ಹೇಳುವ ಲೆಕ್ಕ, ಕೊಟೇಶನ್ ಅಲ್ಲ. ಹೊಸ ಮಿಷಿನ್ನಿಗೆ ಎರಡು ಲಕ್ಷ ಅಂತ ಇಟ್ಟುಕೊಳ್ಳಿ. ಹತ್ತು ವರ್ಷ, ವರ್ಷಕ್ಕೆ ಎರಡು ಬೆಳೆ, ಇಪ್ಪತ್ತು ಸೀಸನ್. ಸೀಸನ್ನಿಗೆ ಹತ್ತು ಸಾವಿರ ಬಿತ್ತು. ಹಳೇದಕ್ಕೆ ನಲವತ್ತು ಸಾವಿರ ಹಾಕಿದರೆ ಆರು ಸೀಸನ್ ಓಡುತ್ತೆ ಅನ್ನೋದಾದರೆ ಸೀಸನ್ನಿಗೆ ಏಳು ಸಾವಿರದ ಒಳಗೆ ಬಿತ್ತು, ರಿಪೇರಿಯೇ ಸರಿ. ಅದೇ ನಲವತ್ತು ಸಾವಿರ ಹಾಕಿ ಎರಡೇ ಸೀಸನ್ ಓಡಿದರೆ ಸೀಸನ್ನಿಗೆ ಇಪ್ಪತ್ತು ಸಾವಿರ, ಆಗ ಹೊಸದೇ ಅಗ್ಗ. ಅಂದರೆ ರಿಪೇರಿಗೆ ಎಷ್ಟು ಖರ್ಚು ಅಂತ ಮಾತ್ರ ಕೇಳಬಾರದು, ಎಷ್ಟು ಸೀಸನ್ ಸಿಗುತ್ತೆ ಅಂತಲೂ ಕೇಳಬೇಕು. ಆ ಅಕ್ಕನವರ ಭತ್ತ ಯಾವ ಬಿಲ್ಲಿನಲ್ಲೂ ಬರಲಿಲ್ಲ, ಆದರೆ ಅದೂ ಖರ್ಚೇ.

ಅವತ್ತು ಮಿಷಿನ್ ಕೆಟ್ಟಾಗ ಸಭೆಯಲ್ಲಿ ಕೆಲವರು "ಸಾಲ ಮಾಡಿ ಹೊಸದು ತನ್ನಿ" ಅಂದರು. ನಾವು ಬಿಚ್ಚಿಸಿ ನೋಡಿದೆವು. ಎಂಜಿನ್ ಗಟ್ಟಿ, ಗೇರ್ ಬಾಕ್ಸಿನ ಮೈ ಗಟ್ಟಿ, ಸಾಮಾನು ಸಿಗುತ್ತೆ. ರಿಪೇರಿ ಮಾಡಿಸಿದೆವು. ಇಷ್ಟು ವರ್ಷ ಓಡಿತು. ಆ ತೀರ್ಮಾನ ಸರಿಯಾಗಿತ್ತು.

ಈಗ ಕಥೆ ಬೇರೆ. ಕಳೆದ ಬೇಸಿಗೆಯಲ್ಲಿ ಬಿಚ್ಚಿದಾಗ ರೋಟರಿ ಕೇಸು ಬಿರುಕು ಬಿಟ್ಟಿತ್ತು, ಬೆಸುಗೆ ಹಾಕಿಸಿದ್ದೇವೆ. ಬೇರಿಂಗ್ ಕೂರುವ ಜಾಗ ಸವೆದು ದೊಡ್ಡದಾಗಿದೆ. ಎಂಜಿನ್ನೂ ಹೊಗೆ ಉಗುಳುತ್ತಾ ಇದೆ. ಬೋಟಿನ ಆ ಎರಡನೇ ಕಾಲಿನ ಸ್ಥಿತಿ. ಅದಕ್ಕೆ ಹೊಸ ರೋಟರಿ ಜೋಡಿಸಿದರೆ ಹಳೇ ಎಂಜಿನ್ ಎಳೆಯಲ್ಲ, ಎಂಜಿನ್ ಸರಿ ಮಾಡಿಸಿದರೆ ಗೇರ್ ಬಾಕ್ಸ್ ತಡೆಯಲ್ಲ. ನಮ್ಮ ಅಭಿಪ್ರಾಯ ಕೇಳಿದರೆ ಹೊಸದು ತರಬೇಕು, ಹಳೇದನ್ನು ಗುಜರಿಗೆ ಹಾಕದೆ ಬಿಡಿಭಾಗಕ್ಕೆ ಇಟ್ಟುಕೊಳ್ಳಬೇಕು.

ಯಾವ ಕಂಪನಿಯದು ಅನ್ನೋದು ಆಮೇಲಿನ ಮಾತು. 1967ರಿಂದ ಬೆಂಗಳೂರಿನ ವಿ.ಎಸ್.ಟಿ.ಯವರದಿದೆ, 1973ರಲ್ಲಿ ಶುರುವಾದ ಕೇರಳ ಸರ್ಕಾರದ ಕಾಮ್ಕೋದವರದಿದೆ, ಬೇರೆಯವರದೂ ಇದೆ. ಬೆಲೆ ಕೇಳುವ ಮೊದಲು ಸೀಲು, ಬೇರಿಂಗ್, ಚೈನು ಶಿವಮೊಗ್ಗದಲ್ಲೇ ಸಿಗುತ್ತಾ ಅಂತ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಕೃಷಿ ಯಂತ್ರಗಳ ಜಿ.ಎಸ್.ಟಿ. ಶೇ. 12ರಿಂದ ಶೇ. 5ಕ್ಕೆ ಇಳಿದಿರೋದು ನಮಗೆ ಅನುಕೂಲವೇ. ಸಹಾಯಧನದ ನಿಯಮ ಬದಲಾಗುತ್ತಾ ಇರುತ್ತೆ, ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿಯೇ ಮುಂದುವರಿಯಬೇಕು.

ಕೊನೆಯದಾಗಿ ಮುಖ್ಯವಾದ ಮಾತು. ಹೊಸ ಮಿಷಿನ್ನಿಗೆ ಹಣ ಎಲ್ಲಿದೆ? ಇಷ್ಟು ವರ್ಷ ಟಿಲ್ಲರ್ ದುಡಿದು ಕೊಟ್ಟಿದೆ. ನಮ್ಮ ಕಾರ್ಯದರ್ಶಿಗಳು ಪ್ರತಿ ವರ್ಷ ಲೆಕ್ಕದಲ್ಲಿ ಸವಕಳಿ ಅಂತ ತಪ್ಪದೆ ಬರೆದಿದ್ದಾರೆ, ಆಡಿಟರು ಟಿಕ್ ಹಾಕಿದ್ದಾರೆ. ಆದರೆ ಆ ಹಣವನ್ನು ನಾವು ಬೇರೆ ಇಡಲಿಲ್ಲ, ಬೇರೆ ಬೇರೆ ಖರ್ಚಿಗೆ ಹೋಯಿತು. ಪುಸ್ತಕದಲ್ಲಿ ಸವಕಳಿ ಇದೆ, ಬ್ಯಾಂಕಿನಲ್ಲಿ ಇಲ್ಲ. 1959ರ ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮದಂತೆ ನಿವ್ವಳ ಲಾಭದಲ್ಲಿ ಶೇ. 25ಕ್ಕೆ ಕಡಿಮೆಯಿಲ್ಲದಂತೆ ಮೀಸಲು ನಿಧಿಗೆ ಹಾಕುತ್ತೇವೆ, ಸರಿ. ಅದು ಸಂಘದ ಭದ್ರತೆಗೆ ಇರುವ ಹಣ, ಯಂತ್ರದ ಹಣವಲ್ಲ.

ಆದ್ದರಿಂದ ನಮ್ಮ ಪ್ರಾರ್ಥನೆ ಇಷ್ಟೇ. ಹೊಸ ಟಿಲ್ಲರ್ ಬಂದ ದಿವಸದಿಂದ ಬಾಡಿಗೆಯ ಪ್ರತಿ ನೂರು ರೂಪಾಯಿಯಲ್ಲಿ ಒಂದು ಪಾಲನ್ನು ಯಂತ್ರದ ಹೆಸರಿನಲ್ಲೇ ಬೇರೆ ಖಾತೆಗೆ ಹಾಕೋಣ. ಎಷ್ಟು ಪಾಲು ಅಂತ ಸರ್ವಸದಸ್ಯರ ಸಭೆ ತೀರ್ಮಾನಿಸಲಿ. ಅದರಿಂದ ಪ್ರತಿ ಬೇಸಿಗೆ ಸೀಲು ಬೇರಿಂಗ್ ಬದಲಾಗಲಿ, ಉಳಿದದ್ದು ಮುಂದಿನ ಮಿಷಿನ್ನಿಗೆ ಕೂಡಲಿ. ಲಾಭಾಂಶ ಒಂದೆರಡು ರೂಪಾಯಿ ಕಮ್ಮಿ ಬಂದರೆ ನಮ್ಮನ್ನು ಬೈಯಿರಿ, ಬೈಸಿಕೊಳ್ಳೋಕೆ ತಯಾರಿದ್ದೇವೆ. ನಾಟಿ ಹೊತ್ತಿನಲ್ಲಿ ಇನ್ನೊಬ್ಬರ ಸಸಿ ಮಡಿಯಲ್ಲೇ ಬಲಿಯೋದನ್ನು ನೋಡೋಕೆ ಮಾತ್ರ ತಯಾರಿಲ್ಲ.

ಆ ಅಕ್ಕನವರು ಇವತ್ತು ಈ ಸಭೆಯಲ್ಲೇ ಕೂತಿದ್ದಾರೆ. ಹೆಸರು ಹೇಳಿದರೆ ಸಂಕೋಚ ಪಡುತ್ತಾರೆ. ಅವರಿಗೆ ಆವತ್ತು ಹೇಳಬೇಕಾಗಿದ್ದ ಮಾತನ್ನು ಇವತ್ತು ಹೇಳುತ್ತೇವೆ: ಅಕ್ಕಾ, ತಪ್ಪು ನಮ್ಮದು, ಕ್ಷಮಿಸಿ.

ಊಟಕ್ಕೆ ಹೋಗುವಾಗ ಗೋಡೌನ್ ಪಕ್ಕ ಒಂದು ನಿಮಿಷ ನಿಂತು ಆ ಹಳೇ ಟಿಲ್ಲರನ್ನು ನೋಡಿ ಹೋಗಿ. ಬಿರುಕು ಎಲ್ಲಿ ಬಿಟ್ಟಿದೆ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿಟ್ಟಿದ್ದೇವೆ.